ನೋಡಿದ ಸಂಚಿಕೆಗಳ ಲೆಕ್ಕ ಇಡುವುದು ಹೇಗೆ: ದಿನದ ಧಾರಾವಾಹಿಗೂ ವೆಬ್ ಸರಣಿಗೂ ಒಗ್ಗುವ ಕ್ರಮ

ಊರಿಗೆ ಹೋಗಿ ಎರಡು ವಾರ ಕಳೆದು ಬಂದ ಮೇಲೆ ಧಾರಾವಾಹಿಯನ್ನು ಎಲ್ಲಿಂದ ಮುಂದುವರಿಸಬೇಕು, ಕಳೆದ ವರ್ಷ ನಡುವೆ ಬಿಟ್ಟ ವೆಬ್ ಸರಣಿಯನ್ನು ಎಷ್ಟನೆಯ ಸಂಚಿಕೆಯವರೆಗೆ ನೋಡಿದ್ದೆ, ಮನೆಯ ಮೂವರು ಒಂದೇ ಖಾತೆಯಲ್ಲಿ ನೋಡುವಾಗ ನಾನು ನೋಡಿದ್ದು ಯಾವುದು, ಅಮ್ಮ ನೋಡಿದ್ದು ಯಾವುದು ಎಂದು ಗೊತ್ತಾಗುವುದು ಹೇಗೆ? ಓದುಗರಿಂದ ಮತ್ತೆ ಮತ್ತೆ ಬರುವ ಈ ಪ್ರಶ್ನೆಗಳು ಮೇಲುನೋಟಕ್ಕೆ ಬೇರೆಬೇರೆಯಾಗಿದ್ದರೂ ಎಲ್ಲವಕ್ಕೂ ಉತ್ತರ ಒಂದೇ. ನೋಡಿದ ಸಂಚಿಕೆಗಳನ್ನು ನೀವೇ ಬರೆದಿಟ್ಟುಕೊಳ್ಳಬೇಕು. ಅದನ್ನು ಹೇಗೆ ಬರೆಯಬೇಕು, ಎಲ್ಲಿ ಎಡವುತ್ತೀರಿ ಎಂಬುದನ್ನು ಹಂತಹಂತವಾಗಿ ವಿವರಿಸುವುದಷ್ಟೇ ಈ ಲೇಖನದ ಕೆಲಸ.

ಮೊದಲಿಗೇ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಈ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಸಲಹೆಗಳೆಲ್ಲ ಸೀಸನ್ ಪದ್ಧತಿಯನ್ನು ನಂಬಿ ಬರೆದವು. ಸೀಸನ್ ಎಂದರೆ ಎಂಟೋ ಹತ್ತೋ ಇಪ್ಪತ್ತೋ ಸಂಚಿಕೆಗಳ ಒಂದು ಕಂತು; ಅದು ಮುಗಿದ ಮೇಲೆ ಬಿಡುವು, ಆಮೇಲೆ ಮುಂದಿನ ಕಂತು. ನಮ್ಮ ದಿನದ ಧಾರಾವಾಹಿಗೆ ಸೀಸನ್ ಎಂಬುದೇ ಇಲ್ಲ. 2013ರ ಕೊನೆಯಲ್ಲಿ ಆರಂಭವಾಗಿ 2020ರಲ್ಲಿ ಮುಗಿದ ‘ಅಗ್ನಿಸಾಕ್ಷಿ’ ಸಾವಿರದೈನೂರಕ್ಕೂ ಹೆಚ್ಚು ಸಂಚಿಕೆಗಳನ್ನು ಕಂಡಿತು. ಅದು ನಡೆಯುತ್ತಿರುವಾಗಲೇ ಅದನ್ನು ಪ್ರಸಾರ ಮಾಡುತ್ತಿದ್ದ ಈಟಿವಿ ಕನ್ನಡ ವಾಹಿನಿಯು 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡಿತು. ಇಂಥ ಧಾರಾವಾಹಿಯ 847ನೆಯ ಸಂಚಿಕೆಯನ್ನು ನೋಡಿದೆ ಎಂದು ಬರೆದುಕೊಂಡರೆ ನಾಳೆ ಅದರಿಂದ ನಿಮಗೇ ಏನೂ ಹೊಳೆಯುವುದಿಲ್ಲ. ದಿನದ ಧಾರಾವಾಹಿಗೆ ಸಂಚಿಕೆಯ ಸಂಖ್ಯೆಗಿಂತ ಪ್ರಸಾರದ ದಿನಾಂಕವೇ ನಂಬಬಹುದಾದ ಗುರುತು. ಸೀಸನ್ ಇರುವ ಸರಣಿಗೆ ಇದು ತಿರುಗುಮುರುಗು: ಅಲ್ಲಿ ಸಂಖ್ಯೆಯೇ ಗುರುತು, ಪ್ರಸಾರದ ದಿನಾಂಕ ಬರೆಯದಿದ್ದರೂ ನಡೆಯುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ನಮೂನೆಯನ್ನು ಹೇರಬೇಡಿ. ದಾಖಲೆ ಇಡಲು ಹೊರಟವರು ತಿಂಗಳೊಳಗೆ ಕೈಬಿಡುವುದಕ್ಕೆ ಸಾಮಾನ್ಯವಾಗಿ ಸೋಮಾರಿತನಕ್ಕಿಂತ ಈ ಹೇರಿಕೆಯೇ ಕಾರಣವಾಗಿರುತ್ತದೆ.

ಬೇಕಾಗುವ ಸಾಮಗ್ರಿ

ಇನ್ನೂರು ಪುಟದ ಒಂದು ರೂಲ್ ಪುಸ್ತಕ ಮತ್ತು ಪೆನ್ನು ಸಾಕು. ಕಂಪ್ಯೂಟರಿನಲ್ಲಿ ಇಡುವುದಾದರೆ ಒಂದು ಸ್ಪ್ರೆಡ್‌ಶೀಟ್ ಬೇಕು, ಅಂದರೆ ಅಡ್ಡಸಾಲು ಮತ್ತು ಉದ್ದಸಾಲುಗಳ ಚೌಕಗಳಲ್ಲಿ ಮಾಹಿತಿಯನ್ನು ತುಂಬುವ ಕಡತ. ಗೂಗಲ್ ಶೀಟ್ಸ್, ಮೈಕ್ರೋಸಾಫ್ಟ್ ಎಕ್ಸೆಲ್ ಮತ್ತು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಈ ಮೂರರಲ್ಲಿ ಯಾವುದಾದರೂ ಆದೀತು. ಮೂರನೆಯ ದಾರಿ, ನೋಡಿದ ಸಂಚಿಕೆಗಳನ್ನು ಅಂತರ್ಜಾಲದಲ್ಲೇ ಗುರುತು ಹಾಕಿಡಲು ಇರುವ ಟ್ರಾಕ್ಟ್, ಸಿಮ್‌ಕಲ್, ಟಿವಿಮೇಜ್‌ನಂಥ ಸಿದ್ಧ ಸೇವೆಗಳದ್ದು. ಅವುಗಳ ಮಿತಿಯನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ. ಹೊಸದಾಗಿ ಆರಂಭಿಸುವವರು ಮೊದಲ ತಿಂಗಳು ಪುಸ್ತಕದಲ್ಲೇ ಬರೆಯುವುದು ಒಳ್ಳೆಯದು, ಏಕೆಂದರೆ ನಿಮಗೆ ಯಾವ ಮಾಹಿತಿ ನಿಜವಾಗಿ ಬೇಕು, ಯಾವುದು ಬರೀ ಉತ್ಸಾಹಕ್ಕೆ ಸೇರಿಸಿಕೊಂಡದ್ದು ಎಂಬುದು ಕೈ ನೋಯುವಾಗ ಬೇಗ ತಿಳಿಯುತ್ತದೆ.

ಹಂತ 1: ದಾಖಲೆ ಯಾತಕ್ಕೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

ಪುಸ್ತಕದ ಮೊದಲ ಪುಟದಲ್ಲಿ ಈ ವಾಕ್ಯವಿರಲಿ. ಎಲ್ಲಿಗೆ ನಿಲ್ಲಿಸಿದೆ ಎಂದು ತಿಳಿಯುವುದಕ್ಕೋ, ನೋಡಿದ್ದನ್ನು ಮುಂದೆ ನೆನಪಿಸಿಕೊಳ್ಳುವುದಕ್ಕೋ, ಪರದೆಯ ಮುಂದೆ ಎಷ್ಟು ಹೊತ್ತು ಕೂತೆ ಎಂದು ಲೆಕ್ಕ ಹಾಕುವುದಕ್ಕೋ? ಮೊದಲನೆಯದಕ್ಕೆ ಒಂದು ಗುರುತು ಹಾಕಿದರೆ ಸಾಕು, ಎರಡನೆಯದಕ್ಕೆ ಟಿಪ್ಪಣಿ ಬೇಕು, ಮೂರನೆಯದಕ್ಕೆ ನಿಮಿಷಗಳು ಬೇಕು. ಮೂರೂ ಬೇಕೆನ್ನುವವರು ಮೊದಲನೆಯದರಿಂದಲೇ ತೊಡಗಿ, ಅದು ರೂಢಿಯಾದ ಮೇಲೆ ಉಳಿದವನ್ನು ಸೇರಿಸಿಕೊಳ್ಳಲಿ.

ಹಂತ 2: ಹೆಸರಿನ ಪಟ್ಟಿಯನ್ನು ಮಾಡಿ, ಕಾಗುಣಿತವನ್ನು ಒಂದಕ್ಕೇ ಕಟ್ಟಿಹಾಕಿ

ಈಗ ನೋಡುತ್ತಿರುವ ಕಾರ್ಯಕ್ರಮಗಳ ಹೆಸರುಗಳನ್ನು ಒಂದು ಪುಟದಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಅದು ಆರಂಭವಾದ ವರ್ಷ ಮತ್ತು ವಾಹಿನಿ ಇರಲಿ. ವರ್ಷ ಯಾಕೆ ಬೇಕೆಂದರೆ ಕಿರುತೆರೆಯಲ್ಲಿ ಹೆಸರುಗಳು ಮರಳಿ ಬರುತ್ತವೆ. ‘ಲಕ್ಷ್ಮೀ ಬಾರಮ್ಮ’ ಎಂದರೆ 2013ರಲ್ಲಿ ಆರಂಭವಾದ ಧಾರಾವಾಹಿಯೂ ಹೌದು, 2023ರಲ್ಲಿ ಅದೇ ವಾಹಿನಿಯಲ್ಲಿ ಬೇರೆ ಕಥೆಯೊಂದಿಗೆ ಬಂದ ಧಾರಾವಾಹಿಯೂ ಹೌದು. ‘ಮಹಾಭಾರತ’ ಎಂದರೆ 1988ರ ಅಕ್ಟೋಬರ್ 2ರಂದು ದೂರದರ್ಶನದಲ್ಲಿ ತೊಡಗಿದ ಬಿ. ಆರ್. ಚೋಪ್ರಾ ಅವರ 94 ಸಂಚಿಕೆಗಳ ಸರಣಿಯೋ, 2013ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂದು 2020ರಲ್ಲಿ ಕನ್ನಡಕ್ಕೆ ಡಬ್ ಆದದ್ದೋ? ಹಿರಿಯರ ಮಟ್ಟಿಗೆ ಟಿ. ಎನ್. ಸೀತಾರಾಮ್ ಅವರ ‘ಮುಕ್ತ’ ಮತ್ತು ‘ಮುಕ್ತ ಮುಕ್ತ’ ಎರಡೂ ಬೇರೆಬೇರೆ ಎಂಬುದು ಸ್ಪಷ್ಟವಾಗಿರಬಹುದು, ಆದರೆ ಹತ್ತು ವರ್ಷದ ಮೇಲೆ ನಿಮ್ಮ ಪುಸ್ತಕವನ್ನು ತೆರೆಯುವ ಮಗಳಿಗೆ ಅದು ಕೈತಪ್ಪಿ ಎರಡು ಸಲ ಬರೆದದ್ದು ಎಂದೇ ಕಾಣುತ್ತದೆ.

ಕಾಗುಣಿತದ ತೊಡಕು ಕನ್ನಡದಲ್ಲಿ ಇನ್ನಷ್ಟು ಸೂಕ್ಷ್ಮವಾದದ್ದು. ಲಕ್ಷ್ಮಿ ಎಂದೂ ಲಕ್ಷ್ಮೀ ಎಂದೂ, ಜೊತೆಜೊತೆಯಲಿ ಎಂದು ಕೂಡಿಸಿಯೂ ಜೊತೆ ಜೊತೆಯಲಿ ಎಂದು ಬಿಡಿಸಿಯೂ ಬರೆಯುತ್ತೇವೆ. ಓದುವಾಗ ಇದರಿಂದ ಯಾವ ಭಂಗವೂ ಇಲ್ಲ. ಆದರೆ ಸ್ಪ್ರೆಡ್‌ಶೀಟ್ ಇವೆರಡನ್ನೂ ಎರಡು ಬೇರೆ ಕಾರ್ಯಕ್ರಮಗಳೆಂದೇ ಎಣಿಸುತ್ತದೆ. ಕೆಲವು ಕೀಲಿಮಣೆಗಳು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದನ್ನು ಸೇರಿಸುತ್ತವೆ. ಆಗಂತೂ ಎರಡು ಹೆಸರುಗಳು ನೋಡಲು ಒಂದೇ ಆಗಿದ್ದರೂ ಲೆಕ್ಕದಲ್ಲಿ ಬೇರೆಯಾಗುತ್ತವೆ, ಮತ್ತು ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಒಂದು ಸಂಜೆ ಕಳೆದುಹೋಗುತ್ತದೆ. ಪರಿಹಾರ ಸರಳವಾದದ್ದು. ಹೆಸರನ್ನು ಪ್ರತಿ ಸಲ ಟೈಪ್ ಮಾಡಬೇಡಿ. ಶೀಟ್ಸ್ ಮತ್ತು ಎಕ್ಸೆಲ್ ಎರಡರಲ್ಲೂ ಡೇಟಾ ವ್ಯಾಲಿಡೇಶನ್ ಎಂಬ ಸೌಲಭ್ಯವಿದೆ. ಒಂದು ಚೌಕದಲ್ಲಿ ನೀವು ಮೊದಲೇ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕೆಂದು ಕಟ್ಟುಮಾಡುವ ವ್ಯವಸ್ಥೆ ಅದು. ಹೆಸರಿನ ಪಟ್ಟಿಯನ್ನು ಬೇರೊಂದು ಹಾಳೆಯಲ್ಲಿಟ್ಟು, ಹೆಸರಿನ ಅಂಕಣವನ್ನು ಆ ಪಟ್ಟಿಗೆ ಜೋಡಿಸಿಬಿಡಿ.

ಹಂತ 3: ದಿನದ ಧಾರಾವಾಹಿಗೆ ಹಾಲಿನ ಲೆಕ್ಕದ ಪುಟ

ಹಾಲಿನವನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಪದ್ಧತಿ. ಹಾಲು ಬಂದ ದಿನ ಒಂದು ಗೆರೆ, ಬಾರದ ದಿನ ಸೊನ್ನೆ, ಹೆಚ್ಚು ತೆಗೆದುಕೊಂಡ ದಿನ ಪಕ್ಕದಲ್ಲಿ ಒಂದು ಅಂಕಿ. ದಿನದ ಧಾರಾವಾಹಿಗೆ ಇದಕ್ಕಿಂತ ಒಳ್ಳೆಯ ನಮೂನೆಯನ್ನು ನಾನು ಕಂಡಿಲ್ಲ.

ತಿಂಗಳಿಗೆ ಒಂದು ಪುಟ ತೆಗೆಯಿರಿ. ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ 1ರಿಂದ 31ರವರೆಗೆ ದಿನಾಂಕಗಳು. ಇವು ನೀವು ನೋಡಿದ ದಿನಗಳಲ್ಲ, ಸಂಚಿಕೆ ಪ್ರಸಾರವಾದ ದಿನಗಳು. ಮೇಲೆ ಅಡ್ಡಕ್ಕೆ ಧಾರಾವಾಹಿಗಳ ಹೆಸರುಗಳು. ಪ್ರತಿ ಚೌಕದಲ್ಲಿ ಒಂದೇ ಒಂದು ಗುರುತು. ನಾನು ಬಳಸುವ ಗುರುತುಗಳು ಐದು: ಪೂರ್ತಿ ನೋಡಿದ್ದರೆ ‘ಪೂ’, ಅರ್ಧ ನೋಡಿದ್ದರೆ ‘ಅ’, ಬೇಕೆಂದೇ ಬಿಟ್ಟಿದ್ದರೆ ‘ಬಿ’, ಪ್ರಸಾರವೇ ಆಗದಿದ್ದರೆ ಅಡ್ಡಗೆರೆ, ನೋಡಬೇಕಾಗಿ ಉಳಿದಿದ್ದರೆ ಖಾಲಿ ಚೌಕ. ಕೊನೆಯ ಎರಡನ್ನು ಬೆರೆಸದಿರುವುದು ಮುಖ್ಯ. ಕೆಲವು ಧಾರಾವಾಹಿಗಳು ವಾರದಲ್ಲಿ ಐದು ದಿನ ಬರುತ್ತವೆ, ಕೆಲವು ಆರು ದಿನ, ಕೆಲವು ಏಳೂ ದಿನ. ಇದು ನಡುವೆ ಬದಲಾಗುವುದೂ ಉಂಟು. ಪ್ರಶಸ್ತಿ ಸಮಾರಂಭಕ್ಕೋ ಹಬ್ಬದ ಸಿನಿಮಾಕ್ಕೋ ಒಂದು ದಿನದ ಸಂಚಿಕೆ ತಪ್ಪಿದರೆ ಅಲ್ಲಿ ಅಡ್ಡಗೆರೆ ಎಳೆಯಿರಿ. ಇಲ್ಲವಾದರೆ ಇಲ್ಲದ ಸಂಚಿಕೆಯನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಈ ಪುಟದ ಲಾಭವನ್ನು ಲೆಕ್ಕದಲ್ಲೇ ನೋಡಬಹುದು. ವಾರಕ್ಕೆ ಆರು ದಿನ ಬರುವ ಮೂರು ಧಾರಾವಾಹಿಗಳನ್ನು ಸಾಲುಸಾಲಾಗಿ ಬರೆದರೆ ವರ್ಷಕ್ಕೆ 936 ಸಾಲುಗಳಾಗುತ್ತವೆ, ಅಂದರೆ ಪುಟಕ್ಕೆ 25 ಸಾಲಿನಂತೆ 38 ಪುಟಗಳು. ಚೌಕದ ಪುಟದಲ್ಲಾದರೆ ಹನ್ನೆರಡೇ ಪುಟ. ಅದಕ್ಕಿಂತ ಹೆಚ್ಚಿನದೆಂದರೆ, ಎರಡು ವಾರ ಊರಿನಲ್ಲಿದ್ದು ಬಂದಾಗ ಖಾಲಿ ಚೌಕಗಳು ಒಂದೇ ನೋಟಕ್ಕೆ ಕಾಣುತ್ತವೆ.

ಇಲ್ಲಿ ಎಚ್ಚರವಹಿಸಬೇಕಾದ ನಾಲ್ಕು ಸಂಗತಿಗಳಿವೆ.

ಮೊದಲನೆಯದು ಮಹಾಸಂಗಮ, ಅಂದರೆ ಎರಡು ಧಾರಾವಾಹಿಗಳ ಪಾತ್ರಗಳು ಕೂಡಿ, ಎರಡರ ಹೊತ್ತೂ ಸೇರಿ ಒಂದೇ ಕಥೆಯಾಗಿ ಪ್ರಸಾರವಾಗುವ ದಿನಗಳು. ಆ ಒಂದು ಗಂಟೆಯನ್ನು ನೋಡಿದರೆ ಎರಡೂ ಅಂಕಣಗಳಲ್ಲಿ ಗುರುತು ಹಾಕಿ, ಪಕ್ಕದಲ್ಲಿ ‘ಮ’ ಎಂದು ಸೇರಿಸಿ. ಒಂದರಲ್ಲಿ ಮಾತ್ರ ಹಾಕಿದರೆ ಇನ್ನೊಂದು ಧಾರಾವಾಹಿಯಲ್ಲಿ ವಾರಪೂರ್ತಿ ಬಿಟ್ಟುಹೋದಂತೆ ಕಾಣುತ್ತದೆ.

ಎರಡನೆಯದು ಪ್ರೋಮೋ. ವಾಹಿನಿಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿಯಬಿಡುವ ಒಂದೆರಡು ನಿಮಿಷದ ತುಣುಕುಗಳನ್ನು ನೋಡಿದವರಿಗೆ ಸಂಚಿಕೆಯನ್ನೇ ನೋಡಿದ ಭಾವನೆ ಬರುತ್ತದೆ. ಪ್ರೋಮೋದಲ್ಲಿ ಕಂಡ ದೃಶ್ಯ ಎಷ್ಟೋ ಸಲ ಮೂರು ದಿನ ತಡವಾಗಿ ಬರುತ್ತದೆ, ಕೆಲವು ಸಲ ಕನಸಾಗಿ ಮುಗಿಯುತ್ತದೆ. ತುಣುಕನ್ನು ನೋಡಿದ್ದಕ್ಕೆ ಯಾವ ಗುರುತೂ ಬೇಡ.

ಮೂರನೆಯದು ಮುಂಗಡ ಪ್ರದರ್ಶನ. ಕೆಲವು ಆ್ಯಪ್‌ಗಳು ಹಣ ಕಟ್ಟಿದ ಚಂದಾದಾರರಿಗೆ ಟಿವಿಗಿಂತ ಮೊದಲೇ ಸಂಚಿಕೆಯನ್ನು ಕೊಡುತ್ತವೆ. ಅಂಥ ಕಡೆ ನೀವು ಬೆಳಿಗ್ಗೆ ನೋಡಿದ್ದು ಆ ಸಂಜೆಯ ಸಂಚಿಕೆಯಾಗಿರಬಹುದು, ನಾಳೆಯದೂ ಆಗಿರಬಹುದು. ಟಿವಿಯಲ್ಲಿ ಅದು ಬರುವ ದಿನದ ಚೌಕದಲ್ಲೇ ಗುರುತು ಹಾಕುವುದೆಂದು ನಿಯಮ ಮಾಡಿಕೊಂಡರೆ ಮನೆಯಲ್ಲಿ ಟಿವಿಯಲ್ಲಿ ನೋಡುವವರ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆಯಾಗುತ್ತದೆ.

ನಾಲ್ಕನೆಯದು ಹೊರದೇಶದಲ್ಲಿರುವ ಕನ್ನಡಿಗರಿಗೆ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ ಸಂಜೆ 7.30ಕ್ಕೆ ಬರುವ ಸಂಚಿಕೆಯ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಅದೇ ದಿನದ ಬೆಳಿಗ್ಗೆ. ಚಳಿಗಾಲದಲ್ಲಿ 9 ಗಂಟೆ, ಬೇಸಿಗೆಯಲ್ಲಿ 10. ಅಲ್ಲಿ ದಿನಾಂಕದ ಗೊಂದಲವಿಲ್ಲ. ಆದರೆ ಮೆಲ್ಬರ್ನ್‌ನಲ್ಲಿ ಅದೇ ಹೊತ್ತಿಗೆ ನಡುರಾತ್ರಿ ಮುಟ್ಟಿರುತ್ತದೆ, ಅಲ್ಲಿನ ಬೇಸಿಗೆಯ ತಿಂಗಳುಗಳಲ್ಲಿ ಒಂದು ಗಂಟೆಯೇ ಆಗಿ ತಾರೀಖು ಬದಲಾಗಿರುತ್ತದೆ. ಊರಿನಲ್ಲಿರುವ ತಾಯಿಯೊಂದಿಗೆ ಫೋನಿನಲ್ಲಿ ಕಥೆಯನ್ನು ಚರ್ಚಿಸುವವರು ಭಾರತದ ದಿನಾಂಕವನ್ನೇ ಬರೆಯಬೇಕು. ಇಲ್ಲದಿದ್ದರೆ ‘ಗುರುವಾರದ್ದು ನೋಡಿದೆಯಾ?’ ಎಂಬ ಪ್ರಶ್ನೆಗೆ ಇಬ್ಬರೂ ಬೇರೆಬೇರೆ ಸಂಚಿಕೆಯನ್ನು ನೆನೆದು ಉತ್ತರಿಸುತ್ತೀರಿ.

ಹಂತ 4: ಸೀಸನ್ ಇರುವ ಸರಣಿಗೆ ಸಾಲಿನ ಪಟ್ಟಿ

ವೆಬ್ ಸರಣಿ, ಹಳೆಯ ದೂರದರ್ಶನದ ವಾರದ ಧಾರಾವಾಹಿ, ರಿಯಾಲಿಟಿ ಶೋ ಇವಕ್ಕೆ ಪ್ರತಿ ಸಂಚಿಕೆಗೆ ಒಂದು ಸಾಲಿನಂತೆ ಬರೆಯಿರಿ. ಅಂಕಣಗಳು ಐದಕ್ಕಿಂತ ಹೆಚ್ಚು ಬೇಡ: ನೋಡಿದ ದಿನಾಂಕ, ಹೆಸರು ಮತ್ತು ವರ್ಷ, ಸೀಸನ್ ಮತ್ತು ಸಂಚಿಕೆಯ ಸಂಖ್ಯೆ, ಸ್ಥಿತಿ, ಟಿಪ್ಪಣಿ. ಒಂದು ಮಾದರಿ ಸಾಲು ಹೀಗಿರುತ್ತದೆ:

2025-03-14 | ಮಹಾಭಾರತ (1988) | ಸಂ07 | ಅರ್ಧ | ಅಪ್ಪನ ಜೊತೆ. ಕೊನೆಯ ಹತ್ತು ನಿಮಿಷ ಇರುವಾಗ ಕರೆಂಟ್ ಹೋಯಿತು

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಲು ಕಾರಣವಿದೆ. ಇದು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮ. ಹೀಗೆ ಬರೆದ ದಿನಾಂಕಗಳು ಅಕ್ಷರಗಳಾಗಿ ಜೋಡಣೆಗೊಂಡರೂ ಕಾಲಕ್ರಮದಲ್ಲೇ ನಿಲ್ಲುತ್ತವೆ. ನಮ್ಮ ರೂಢಿಯಂತೆ 03-04-2025 ಎಂದು ಬರೆದರೆ ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್ ಅದನ್ನು ಮಾರ್ಚ್ 4 ಎಂದು ಓದುತ್ತದೆ. ಸಂಖ್ಯೆಗಳಿಗೆ ಮುಂದೊಂದು ಸೊನ್ನೆ ಸೇರಿಸಿ ‘ಸೀ01 ಸಂ07’ ಎಂದು ಬರೆಯುವುದೂ ಇದೇ ಕಾರಣಕ್ಕೆ. ಸೊನ್ನೆ ಇಲ್ಲದಿದ್ದರೆ 10ನೆಯ ಸಂಚಿಕೆ 2ನೆಯದಕ್ಕಿಂತ ಮೊದಲೇ ಬಂದು ಕೂರುತ್ತದೆ.

ಒಂದೇ ಸಲ ಕೂತು ಮೂರನೆಯ ಮತ್ತು ನಾಲ್ಕನೆಯ ಸಂಚಿಕೆಗಳನ್ನು ನೋಡಿ, ಚೌಕದಲ್ಲಿ ‘3-4’ ಎಂದು ಟೈಪ್ ಮಾಡಿದರೆ ಸ್ಪ್ರೆಡ್‌ಶೀಟ್ ಅದನ್ನು ಮಾರ್ಚ್ ಅಥವಾ ಏಪ್ರಿಲ್ ತಿಂಗಳ ಒಂದು ದಿನವನ್ನಾಗಿ ಬದಲಿಸಿಬಿಡುತ್ತದೆ. ಆ ಅಂಕಣವನ್ನು ಮೊದಲೇ ಪಠ್ಯ ಎಂದು ಗೊತ್ತುಪಡಿಸಿ, ಅಥವಾ ಎರಡು ಸಾಲು ಬರೆಯಿರಿ. ಎರಡು ಸಾಲೇ ಉತ್ತಮ. ಅಂಕಿಗಳ ವಿಷಯದಲ್ಲಿ ಇನ್ನೊಂದು ಮಾತು: ಕನ್ನಡದ ಅಂಕಿಗಳು ಪುಸ್ತಕದಲ್ಲಿ ಬಹಳ ಚೆನ್ನ, ಆದರೆ ೭ ಎಂದು ಬರೆದದ್ದನ್ನು ಲೆಕ್ಕದ ಸೂತ್ರಗಳು ಬಹುಮಟ್ಟಿಗೆ ಅಕ್ಷರವೆಂದೇ ಭಾವಿಸುತ್ತವೆ. ಕಂಪ್ಯೂಟರಿನಲ್ಲಿ 7 ಎಂದೇ ಬರೆಯಿರಿ.

ಸಂಖ್ಯೆ ನಂಬಬಹುದಾದ ಗುರುತು ಎಂದೆನಾದರೂ ಅದಕ್ಕೂ ಅಪವಾದಗಳಿವೆ. ಸಂಚಿಕೆಗಳನ್ನು ತಯಾರಿಸಿದ ಕ್ರಮ ಬೇರೆ, ಪ್ರಸಾರ ಮಾಡಿದ ಕ್ರಮ ಬೇರೆ ಆಗಿರಬಹುದು. ಅಮೆರಿಕದ ‘ಫೈರ್‌ಫ್ಲೈ’ ಸರಣಿಯ ಆರಂಭದ ಸಂಚಿಕೆಯನ್ನು ಫಾಕ್ಸ್ ವಾಹಿನಿಯು 2002ರ ಡಿಸೆಂಬರಿನಲ್ಲಿ, ಅಂದರೆ ತಾನು ಪ್ರಸಾರ ಮಾಡಿದ್ದರಲ್ಲೆಲ್ಲ ಕೊನೆಯದಾಗಿ ತೋರಿಸಿತು. ಡಿವಿಡಿಯಲ್ಲಿ ಅದೇ ಮೊದಲನೆಯದು. ನಮ್ಮಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 39 ಸಂಚಿಕೆಗಳದ್ದು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಸೇರಿದವು. ಬಿಡಿ ಕಥೆಗಳೂ, ಹಲವು ಸಂಚಿಕೆಗಳಿಗೆ ಹಬ್ಬಿದ ಸ್ವಾಮಿಯ ಕಥೆಯೂ ಅದರಲ್ಲಿ ಕೂಡಿಕೊಂಡಿವೆ, ಮತ್ತು ಬೇರೆಬೇರೆ ಕಡೆ ಏರಿಸಿದ ಪಟ್ಟಿಗಳಲ್ಲಿ ಕ್ರಮ ಒಂದೇ ಇರಬೇಕೆಂದಿಲ್ಲ. ಇಂಥ ಸರಣಿಗಳಲ್ಲಿ ಸಂಖ್ಯೆಯೊಂದಿಗೆ ಸಂಚಿಕೆಯ ಹೆಸರನ್ನೂ ಬರೆದುಬಿಡಿ. ಸಂಖ್ಯೆ ಕೈಕೊಟ್ಟಾಗ ಹೆಸರು ಕಾಪಾಡುತ್ತದೆ.

ರಿಯಾಲಿಟಿ ಶೋಗಳಲ್ಲಿ ಸೀಸನ್ ಎಣಿಕೆಯೇ ಗೋಜಲು. ಕನ್ನಡದ ‘ಬಿಗ್ ಬಾಸ್’ ಮೊದಲ ಸೀಸನ್ 2013ರಲ್ಲಿ ಈಟಿವಿ ಕನ್ನಡದಲ್ಲಿ, ಎರಡನೆಯದು 2014ರಲ್ಲಿ ಸುವರ್ಣ ವಾಹಿನಿಯಲ್ಲಿ, ಮೂರನೆಯದು ಮತ್ತೆ ಕಲರ್ಸ್ ಕನ್ನಡದಲ್ಲಿ ಬಂತು. 2022ರಲ್ಲಿ ಆ್ಯಪ್‌ಗೆಂದೇ ಮಾಡಿದ ‘ಬಿಗ್ ಬಾಸ್ ಓಟಿಟಿ’ ಬಂದಾಗ ಅದಕ್ಕೆ ಬೇರೆಯದೇ ಎಣಿಕೆ. ಅದನ್ನು ಪ್ರತ್ಯೇಕ ಕಾರ್ಯಕ್ರಮವೆಂದೇ ಬರೆಯಿರಿ. ‘ವೀಕೆಂಡ್ ವಿತ್ ರಮೇಶ್’ನಂಥ ಅತಿಥಿ ಕಾರ್ಯಕ್ರಮಗಳಲ್ಲಿ ಅತಿಥಿಯ ಹೆಸರೇ ಸಂಚಿಕೆಯ ಹೆಸರಾಗಲಿ, ಒಬ್ಬರೇ ಅತಿಥಿ ಎರಡು ಸಂಚಿಕೆಗಳಲ್ಲಿ ಕೂತಾಗ ‘ಭಾಗ 1’, ‘ಭಾಗ 2’ ಎಂದು ಸೇರಿಸಿ.

ಹಂತ 5: ಎದ್ದೇಳುವ ಮೊದಲು ಬರೆಯಿರಿ

ಸಂಚಿಕೆ ಮುಗಿದು ಕುರ್ಚಿಯಿಂದ ಏಳುವುದರೊಳಗೆ ಗುರುತು ಬೀಳಬೇಕು. ಪುಸ್ತಕವು ಟಿವಿಯ ಪಕ್ಕದಲ್ಲೇ ಇರಲಿ, ಪೆನ್ನನ್ನು ಅದಕ್ಕೆ ದಾರದಿಂದ ಕಟ್ಟಿದರೂ ತಪ್ಪಿಲ್ಲ. ಭಾನುವಾರ ಒಟ್ಟಿಗೆ ಬರೆದರಾಯಿತು ಎಂದು ಮುಂದೂಡಿದರೆ ಬುಧವಾರದ ಸಂಚಿಕೆಯನ್ನು ನೋಡಿದ್ದೆನೋ ಇಲ್ಲವೋ ಎಂಬುದು ಶನಿವಾರಕ್ಕೇ ಮಸುಕಾಗಿರುತ್ತದೆ. ದಿನದ ಧಾರಾವಾಹಿಯಲ್ಲಂತೂ ಕಥೆ ನಿಧಾನವಾಗಿ ಸಾಗುವುದರಿಂದ ಪಕ್ಕಪಕ್ಕದ ಎರಡು ಸಂಚಿಕೆಗಳನ್ನು ಬೇರ್ಪಡಿಸಿ ನೆನಪಿಡುವುದೇ ಕಷ್ಟ.

ಮರೆತ ದಿನಕ್ಕೆ ಊಹಿಸಿ ‘ಪೂ’ ಹಾಕಬೇಡಿ. ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಹಂತ 6: ಟಿಪ್ಪಣಿ

ಇಲ್ಲಿ ಹೆಚ್ಚಿನವರು ಕಥೆಯ ಸಾರಾಂಶವನ್ನು ಬರೆಯಲು ಹೊರಡುತ್ತಾರೆ, ಹದಿನೈದು ದಿನಕ್ಕೆ ದಣಿಯುತ್ತಾರೆ. ಸಾರಾಂಶ ಬೇಡ. ಮುಂದೆ ಈ ಸಂಚಿಕೆಯನ್ನು ನಿಮಗೆ ಗುರುತು ಹಿಡಿಸುವ ಒಂದೇ ಸಂಗತಿಯನ್ನು ಬರೆಯಿರಿ: ಯಾರ ಮದುವೆ ನಿಂತಿತು, ಯಾವ ಗುಟ್ಟು ಯಾರಿಗೆ ತಿಳಿಯಿತು, ಯಾವ ಪಾತ್ರಕ್ಕೆ ಹೊಸ ನಟ ಅಥವಾ ನಟಿ ಬಂದರು. ಪಾತ್ರಧಾರಿ ಬದಲಾದ ದಿನವನ್ನು ತಪ್ಪದೆ ಗುರುತಿಸಿ, ಏಕೆಂದರೆ ದೀರ್ಘ ಧಾರಾವಾಹಿಯ ಕಾಲವನ್ನು ನೆನಪಿನಲ್ಲಿ ಭಾಗ ಮಾಡುವುದಕ್ಕೆ ಅದಕ್ಕಿಂತ ಖಚಿತವಾದ ಗಡಿಕಲ್ಲು ಬೇರೆ ಇರುವುದಿಲ್ಲ. ಪ್ರಸಾರದ ಹೊತ್ತು ಬದಲಾದರೆ ಅದನ್ನೂ ಒಂದು ಮಾತಿನಲ್ಲಿ ಬರೆಯಿರಿ. ದಿನಕ್ಕೊಂದು ಟಿಪ್ಪಣಿಯ ಹಂಗು ಬೇಡ. ಚೌಕದ ಪುಟದ ಹಿಂಬದಿಯಲ್ಲಿ ತಿಂಗಳಿಗೆ ಐದಾರು ಸಾಲು ಇದ್ದರೆ ಧಾರಾಳವಾಯಿತು.

ಹತ್ತಕ್ಕೆ ಎಷ್ಟು ಅಂಕ ಎಂಬ ಅಂಕಣವನ್ನು ನಾನು ಶಿಫಾರಸು ಮಾಡುವುದಿಲ್ಲ. ಸಾವಿರ ಸಂಚಿಕೆಗಳ ಧಾರಾವಾಹಿಯಲ್ಲಿ ಎಲ್ಲವಕ್ಕೂ ಆರು ಬೀಳುತ್ತದೆ, ಆಮೇಲೆ ಆ ಅಂಕಣವನ್ನು ಯಾರೂ ಓದುವುದಿಲ್ಲ. ‘ಯಾರ ಜೊತೆ ನೋಡಿದೆ’ ಎಂಬ ಅಂಕಣಕ್ಕೆ ಅದಕ್ಕಿಂತ ಹೆಚ್ಚು ಬೆಲೆಯಿದೆ.

ಹಂತ 7: ಹಿಂದೆ ನೋಡಿದ್ದನ್ನು ಸೇರಿಸುವುದು

ಹುಟ್ಟಿದಾಗಿನಿಂದ ನೋಡಿದ್ದನ್ನೆಲ್ಲ ತುಂಬಿಸಲು ಹೋಗಬೇಡಿ. ದಾಖಲೆ ತೊಡಗಿದ ದಿನಕ್ಕೆ ಒಂದು ಗೆರೆ ಎಳೆದು, ಅದರ ಹಿಂದಿನದನ್ನು ಬೇರೊಂದು ಪುಟದಲ್ಲಿ ಕಾರ್ಯಕ್ರಮಕ್ಕೆ ಒಂದು ಸಾಲಿನಂತೆ ಬರೆಯಿರಿ: ‘ರಾಮಾಯಣ (1987), 78 ಸಂಚಿಕೆ, ಬಹುತೇಕ ಎಲ್ಲ, ಪಕ್ಕದ ಮನೆಯಲ್ಲಿ.’ ಇಷ್ಟರಲ್ಲೇ ಆ ಭಾನುವಾರದ ಬೆಳಗುಗಳೆಲ್ಲ ಅಡಕವಾಗಿವೆ. ನಿಖರತೆ ಇಲ್ಲದ ಕಡೆ ದಿನಾಂಕ ಕಟ್ಟಬೇಡಿ.

ನೆಟ್‌ಫ್ಲಿಕ್ಸ್‌ನಲ್ಲಿ ನೋಡಿದ್ದಕ್ಕೆ ಮಾತ್ರ ಸುಲಭದ ದಾರಿಯಿದೆ. ಜಾಲತಾಣದಲ್ಲಿ ನಿಮ್ಮ ಖಾತೆಯ ಪುಟಕ್ಕೆ ಹೋಗಿ, ನಿಮ್ಮ ಪ್ರೊಫೈಲಿನ ವೀಕ್ಷಣೆಯ ಇತಿಹಾಸವನ್ನು ತೆರೆದರೆ ಅದನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ಸಿಎಸ್‌ವಿ ಎಂದರೆ ಅಲ್ಪವಿರಾಮಗಳಿಂದ ಅಂಕಣಗಳನ್ನು ಬೇರ್ಪಡಿಸಿದ ಸರಳ ಪಠ್ಯದ ಕಡತ. ಯಾವ ಸ್ಪ್ರೆಡ್‌ಶೀಟ್‌ನಲ್ಲಾದರೂ ತೆರೆದುಕೊಳ್ಳುತ್ತದೆ. ಆ ಕಡತದಲ್ಲಿ ಶೀರ್ಷಿಕೆ ಮತ್ತು ದಿನಾಂಕ ಇರುತ್ತವೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ: ನಿಮ್ಮ ಪ್ರೊಫೈಲಿನಲ್ಲಿ ಮಕ್ಕಳು ನೋಡಿದ್ದೂ, ನೀವು ನಿದ್ದೆಹೋದ ಮೇಲೆ ತಾನಾಗಿ ಓಡಿದ ಸಂಚಿಕೆಗಳೂ ಅದರಲ್ಲಿ ಸೇರಿರುತ್ತವೆ. ಇಳಿಸಿದ ಮೇಲೆ ಒಮ್ಮೆ ಕೂತು ಸೋಸಿ.

ಹಂತ 8: ಮರುವೀಕ್ಷಣೆ

ಎರಡನೆಯ ಸಲ ನೋಡಿದ್ದನ್ನು ಹಳೆಯ ಸಾಲಿನಲ್ಲಿ ತಿದ್ದಬೇಡಿ, ಹೊಸ ಸಾಲು ಬರೆದು ‘ಮರು’ ಎಂದು ಗುರುತಿಸಿ. 2020ರ ಮಾರ್ಚ್ 28ರಿಂದ ಲಾಕ್‌ಡೌನ್ ಸಮಯದಲ್ಲಿ ದೂರದರ್ಶನವು ‘ರಾಮಾಯಣ’ವನ್ನು ದಿನಕ್ಕೆರಡು ಹೊತ್ತು ಮರುಪ್ರಸಾರ ಮಾಡಿದಾಗ ನೋಡಿದವರಿಗೆ 1987ರ ನೋಟವೂ 2020ರ ನೋಟವೂ ಎರಡು ಬೇರೆ ಅನುಭವಗಳು, ದಾಖಲೆಯಲ್ಲೂ ಅವು ಎರಡಾಗಿಯೇ ಇರಬೇಕು. ಆ ವರ್ಷ ಚಿತ್ರೀಕರಣ ನಿಂತು, ವಾಹಿನಿಗಳು ಹಳೆಯ ಸಂಚಿಕೆಗಳನ್ನೇ ತೋರಿಸಿದವು. ಮುಂದೆಂದಾದರೂ ಹಾಗಾದರೆ ಮರುಪ್ರಸಾರದ ದಿನಗಳಿಗೆ ಚೌಕದ ಪುಟದಲ್ಲಿ ಅಡ್ಡಗೆರೆಯೇ ಸರಿ.

ಹಂತ 9: ಎಣಿಕೆ

ತಿಂಗಳ ಕೊನೆಗೆ ‘ಪೂ’ಗಳನ್ನು ಎಣಿಸಿ ಪುಟದ ಕೆಳಗೆ ಬರೆಯಿರಿ. ಸ್ಪ್ರೆಡ್‌ಶೀಟ್‌ನಲ್ಲಿ ಕೌಂಟ್‌ಇಫ್ ಎಂಬ ಸೂತ್ರ ಇದನ್ನು ಮಾಡುತ್ತದೆ. ಕೊಟ್ಟ ಅಂಕಣದಲ್ಲಿ ಒಂದು ನಿರ್ದಿಷ್ಟ ಪದ ಎಷ್ಟು ಸಲ ಬಂದಿದೆ ಎಂದು ಹೇಳುವುದು ಅದರ ಕೆಲಸ. ಸಮಯದ ಲೆಕ್ಕ ಬೇಕಿದ್ದರೆ ಜಾಹೀರಾತು ಬಿಟ್ಟು ಅರ್ಧ ಗಂಟೆಯ ಧಾರಾವಾಹಿಗೆ 22 ನಿಮಿಷ ಎಂದು ಹಿಡಿಯಬಹುದು. ವಾರಕ್ಕೆ ಆರು ಸಂಚಿಕೆಗಳ ಒಂದೇ ಧಾರಾವಾಹಿ ವರ್ಷಕ್ಕೆ ಸುಮಾರು 114 ಗಂಟೆ ತೆಗೆದುಕೊಳ್ಳುತ್ತದೆ. ಟಿವಿಯಲ್ಲೇ ಜಾಹೀರಾತಿನೊಂದಿಗೆ ನೋಡುವವರು 30 ನಿಮಿಷವೆಂದೇ ಹಿಡಿಯಬೇಕು, ಆಗ ಅದು 156 ಗಂಟೆ.

ಹಂತ 10: ನಕಲು ಪ್ರತಿ

ಮೂರು ತಿಂಗಳಿಗೊಮ್ಮೆ ಕಡತವನ್ನು ಸಿಎಸ್‌ವಿಯಾಗಿ ಉಳಿಸಿ ಬೇರೊಂದು ಕಡೆ ಇಡಿ. ಉಳಿಸುವಾಗ ಯುಟಿಎಫ್-8 ಎಂಬ ಆಯ್ಕೆಯನ್ನೇ ಆರಿಸಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಶೇಖರಿಸುವ ವಿಧಾನವದು. ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತವೆ, ಮತ್ತು ಒಮ್ಮೆ ಹೋದವು ಮರಳಿ ಬರುವುದಿಲ್ಲ. ಉಳಿಸಿದ ಕಡತವನ್ನು ಒಮ್ಮೆ ತೆರೆದು ಹೆಸರುಗಳು ಸರಿಯಾಗಿ ಕಾಣುತ್ತವೆಯೇ ಎಂದು ನೋಡಿಯೇ ಮೂಲವನ್ನು ಮುಚ್ಚಿ. ಪುಸ್ತಕದಲ್ಲಿ ಬರೆಯುವವರು ತಿಂಗಳ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಅದೇ ನಕಲು ಪ್ರತಿ.

ಕಡತವನ್ನು ಮನೆಯವರೊಂದಿಗೆ ಹಂಚಿಕೊಳ್ಳುವಾಗ ‘ಕೊಂಡಿ ಇರುವ ಯಾರು ಬೇಕಾದರೂ’ ಎಂಬ ಆಯ್ಕೆಯನ್ನು ಒತ್ತದೆ, ಅವರವರ ಇಮೇಲ್ ವಿಳಾಸಕ್ಕೇ ಅನುಮತಿ ಕೊಡಿ. ಯಾವ ದಿನ ಎಷ್ಟು ಹೊತ್ತಿಗೆ ಮನೆಯಲ್ಲಿ ಯಾರಿದ್ದರು ಎಂಬುದು ಇಂಥ ಪಟ್ಟಿಯಿಂದ ಸಲೀಸಾಗಿ ತಿಳಿಯುತ್ತದೆ.

ಸಿದ್ಧ ಸೇವೆಗಳನ್ನು ಬಳಸಬಹುದೇ?

ಇಂಗ್ಲಿಷ್, ಕೊರಿಯನ್ ಸರಣಿಗಳನ್ನು ನೋಡುವವರಿಗೆ ಟ್ರಾಕ್ಟ್‌ನಂಥವು ಬಹಳ ಅನುಕೂಲ. ಸಂಚಿಕೆಗಳ ಪಟ್ಟಿ ಸಿದ್ಧವಿರುತ್ತದೆ, ನೀವು ಒತ್ತುವುದಷ್ಟೇ ಕೆಲಸ. ಆದರೆ ಇಂಥ ಸೇವೆಗಳು ನೆಚ್ಚಿಕೊಂಡಿರುವ ಟಿಎಂಡಿಬಿಯಂಥ ಮಾಹಿತಿಕೋಶಗಳನ್ನು ತುಂಬುವವರು ಸ್ವಯಂಸೇವಕರು. ಸಾವಿರ ಸಂಚಿಕೆಗಳ ಕನ್ನಡ ಧಾರಾವಾಹಿಯನ್ನು ದಿನವೂ ಕೂತು ತುಂಬುವವರು ಅಪರೂಪ. ಆದ್ದರಿಂದ ಹೆಸರಿದ್ದರೂ ಸಂಚಿಕೆಗಳಿಲ್ಲದಿರುವುದು, ಇದ್ದರೂ ಸಂಖ್ಯೆ ಆ್ಯಪ್‌ನದರೊಂದಿಗೆ ತಾಳೆಯಾಗದಿರುವುದು ಸಾಮಾನ್ಯ. ಖಾತೆ ತೆರೆಯುವ ಮೊದಲು ನೀವು ನೋಡುವ ಮೂರು ಧಾರಾವಾಹಿಗಳನ್ನು ಅಲ್ಲಿ ಹುಡುಕಿ, ಕಳೆದ ವಾರದ ಸಂಚಿಕೆಗಳಿವೆಯೇ ಎಂದು ಪರೀಕ್ಷಿಸಿ. ಮಾಹಿತಿಯನ್ನು ಹೊರತೆಗೆದುಕೊಳ್ಳುವ ಸೌಲಭ್ಯವಿದೆಯೇ, ಅದಕ್ಕೆ ಹಣ ಕೇಳುತ್ತಾರೆಯೇ, ನಿಮ್ಮ ಪಟ್ಟಿ ಎಲ್ಲರಿಗೂ ಕಾಣುತ್ತದೆಯೇ ಎಂಬುದನ್ನೂ ನೋಡಿ.

ಸಂಚಿಕೆಯ ಕೊಂಡಿಯನ್ನೇ ನಕಲಿಸಿ ದಾಖಲೆ ಎಂದು ಇಟ್ಟುಕೊಳ್ಳುವವರಿಗೆ ಪ್ರತ್ಯೇಕ ಎಚ್ಚರಿಕೆ. ವೂಟ್ ಆ್ಯಪ್ 2023ರಲ್ಲಿ ಜಿಯೋಸಿನಿಮಾದಲ್ಲಿ ವಿಲೀನವಾಯಿತು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಕೂಡಿ ಜಿಯೋಹಾಟ್‌ಸ್ಟಾರ್ ಆದವು. ಎರಡು ವರ್ಷದೊಳಗೆ ಒಂದೇ ಧಾರಾವಾಹಿಯ ವಿಳಾಸ ಎರಡು ಸಲ ಬದಲಾದಂತಾಯಿತು. ಕೊಂಡಿ ಇದ್ದರೆ ಇರಲಿ, ಆದರೆ ಹೆಸರು ಮತ್ತು ಪ್ರಸಾರದ ದಿನಾಂಕ ಅದರ ಪಕ್ಕದಲ್ಲೇ ಇರಬೇಕು.

ಧಾರಾವಾಹಿ ಮುಗಿದಾಗ

ಕೊನೆಯ ಸಂಚಿಕೆಯ ದಿನ ಆ ಅಂಕಣದ ಕೆಳಗೆ ಎರಡು ಗೆರೆ ಎಳೆದು, ಆರಂಭದ ದಿನಾಂಕ, ಮುಗಿದ ದಿನಾಂಕ, ನೀವು ನೋಡಿದ ಒಟ್ಟು ಸಂಚಿಕೆಗಳು ಈ ಮೂರನ್ನು ಹೆಸರಿನ ಪಟ್ಟಿಯ ಪುಟಕ್ಕೆ ವರ್ಗಾಯಿಸಿ. ನಡುವೆ ಬೇಸರವಾಗಿ ಕೈಬಿಟ್ಟ ಧಾರಾವಾಹಿಗೂ ಹೀಗೆಯೇ ಮಾಡಿ, ‘ಮುಗಿಯಿತು’ ಎಂಬುದರ ಬದಲು ‘ಬಿಟ್ಟೆ’ ಎಂದು ಬರೆದು ಕಾರಣವನ್ನು ನಾಲ್ಕು ಮಾತಿನಲ್ಲಿ ಸೇರಿಸಿ. ಮುಂದಿನ ತಿಂಗಳ ಪುಟದಲ್ಲಿ ಆ ಅಂಕಣವನ್ನು ಖಾಲಿ ಬಿಡಬೇಡಿ. ಅದೇ ಹೊತ್ತಿಗೆ ಬಂದ ಹೊಸ ಧಾರಾವಾಹಿಯನ್ನು ನೋಡುವುದಾದರೆ ಅದರ ಹೆಸರು ಬರೆಯಿರಿ, ನೋಡುವುದಿಲ್ಲವಾದರೆ ಅಂಕಣವನ್ನೇ ತೆಗೆದುಹಾಕಿ.